ಟ್ರೆಕ್ಕಿಂಗ್ ಪೋಲ್: ಗ್ರಾಂ ಲೆಕ್ಕ ಬಿಡಿ, ಲಾಕ್ ನೋಡಿ

ಅಂಗಡಿಯಲ್ಲಿ ಟ್ರೆಕ್ಕಿಂಗ್ ಪೋಲ್, ಅಂದರೆ ಚಾರಣದಲ್ಲಿ ಊರಿಕೊಂಡು ನಡೆಯುವ, ತುಂಡುಗಳು ಒಂದರೊಳಗೊಂದು ಸರಿಯುವ ಕೋಲು, ಕೈಗೆ ಬಂದ ತಕ್ಷಣ ಎಲ್ಲರೂ ಮಾಡುವುದು ಒಂದೇ ಕೆಲಸ, ಅಂಗೈ ಮೇಲಿಟ್ಟು ತೂಗಿ ನೋಡುವುದು. ಹಗುರವಾಗಿದ್ದರೆ ಮುಖ ಅರಳುತ್ತದೆ, ಬಿಲ್ ಆಗುತ್ತದೆ. ಆದರೆ ಕೋಲು ಕೈಕೊಡುವುದು ತೂಕದ ವಿಷಯದಲ್ಲಲ್ಲ. ಕುಮಾರ ಪರ್ವತದ ತುದಿಯಿಂದ ಭಟ್ಟರ ಮನೆ ಕಡೆ ಇಳಿಯುತ್ತಿದ್ದೀರಿ. ಬೆನ್ನ ಮೇಲೆ ಹತ್ತು ಹನ್ನೆರಡು ಕೆ.ಜಿ. ಬ್ಯಾಗು, ಕಾಲಡಿ ಒದ್ದೆ ಬಂಡೆ, ಮಂಡಿ ಆಗಲೇ ನಡುಗಲು ಶುರುವಾಗಿದೆ. ಮುಂದೆ ಊರಿದ ಕೋಲು ಸರ್ರನೆ ನಾಲ್ಕು ಬೆರಳಷ್ಟು ಒಳಗೆ ಸರಿಯಿತು ಎಂದುಕೊಳ್ಳಿ. ಆಗ ಅದು 200 ಗ್ರಾಮಿನದೋ 250 ಗ್ರಾಮಿನದೋ ಎಂಬ ಪ್ರಶ್ನೆ ಯಾರಿಗೂ ಏಳುವುದಿಲ್ಲ.

ಹಾಗಾಗಿ ಇಲ್ಲಿ ಪೋಲ್‌ಗಳನ್ನು ಅಳೆಯಲು ಇಟ್ಟುಕೊಂಡಿರುವ ಅಳತೆಗೋಲು ಒಂದೇ: ಹೊರೆ ಹೊತ್ತು ಇಳಿಯುವಾಗ ಅದು ನಿಲ್ಲುತ್ತದೆಯೇ? ಹತ್ತುವಾಗ ಬಿದಿರು ಕೋಲೂ ಸಾಕು. ಗೌರಿಕುಂಡದಲ್ಲಿ ಕೇದಾರನಾಥಕ್ಕೆ ಹೊರಟವರು ಕೊಳ್ಳುವ ಸಾದಾ ಮರದ ಕೋಲಿಗೂ ಆ ಕೆಲಸ ಗೊತ್ತು. ದುಡ್ಡು ಕೊಟ್ಟು ಕೊಳ್ಳುವ ಪೋಲ್ ಮರ್ಯಾದೆ ಉಳಿಸಿಕೊಳ್ಳಬೇಕಾದ್ದು ಇಳಿಜಾರಿನಲ್ಲಿ. 25 ಡಿಗ್ರಿ ಇಳಿಜಾರಿನಲ್ಲಿ ಜೋಡಿ ಪೋಲ್ ಹಿಡಿದು ಇಳಿದವರ ಮಂಡಿಯ ಮೇಲಿನ ಹೊರೆ ಶೇ. 12ರಿಂದ 25ರಷ್ಟು ಕಡಿಮೆಯಾಗುತ್ತದೆ ಎಂದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿತ್ತು. ಆದರೆ ಆ ಲಾಭ ಸಿಗಬೇಕಾದರೆ ಮೈಭಾರವನ್ನು ನಂಬಿ ಕೋಲಿನ ಮೇಲೆ ಹಾಕಬೇಕು. ಜಾರುವ ಕೋಲಿನ ಮೇಲೆ ಯಾರೂ ಭಾರ ಹಾಕುವುದಿಲ್ಲ. ಸುಮ್ಮನೆ ನೆಲ ತಟ್ಟಿಕೊಂಡು ನಡೆಯುತ್ತಾರೆ, ಅಷ್ಟೇ.

ಲಾಕ್ ಎಂಬ ಪ್ರಾಣ

ತುಂಡುಗಳನ್ನು ಬೇಕಾದ ಉದ್ದಕ್ಕೆ ಎಳೆದ ಮೇಲೆ ಸರಿಯದಂತೆ ಹಿಡಿದು ನಿಲ್ಲಿಸುವುದೇ ಲಾಕ್. ಉದ್ದ ಹೆಚ್ಚು ಕಡಿಮೆ ಮಾಡುವ ಪೋಲ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಲಾಕ್ ಇವೆ. ಒಂದು ತಿರುಚುವುದು, ಇನ್ನೊಂದು ಹೊರಗಡೆ ಲಿವರ್ ಇರುವ ಕ್ಲಿಪ್. ಇವೆರಡನ್ನೂ ಬಿಟ್ಟು ಟೆಂಟ್ ಕಡ್ಡಿಯ ಹಾಗೆ ಒಳಗೆ ಹುರಿ ಇದ್ದು ಮಡಚಿಕೊಳ್ಳುವ ಜಾತಿ ಬೇರೆಯೇ ಇದೆ.

ತಿರುಚುವ ಲಾಕ್ ಯಾಕೆ ಕೆಡುತ್ತದೆ ಎಂದು ತಿಳಿಯಲು ಒಮ್ಮೆ ಬಿಚ್ಚಿ ನೋಡಿದರೆ ಸಾಕು. ಕೆಳಗಿನ ತುಂಡನ್ನು ಪೂರ್ತಿ ಎಳೆದು ತೆಗೆಯಿರಿ. ಅದರ ಮೇಲ್ತುದಿಯಲ್ಲಿ ಒಂದು ಸಣ್ಣ ಸ್ಕ್ರೂ, ಸ್ಕ್ರೂ ಮೇಲೆ ಶಂಕುವಿನಾಕಾರದ ಪ್ಲಾಸ್ಟಿಕ್ ಗುಬ್ಬಿ, ಅದರ ಸುತ್ತ ಉದ್ದುದ್ದ ಸೀಳಿರುವ ಪ್ಲಾಸ್ಟಿಕ್ ಕವಚ ಕಾಣುತ್ತದೆ. ಕೋಲನ್ನು ತಿರುಚಿದಾಗ ಸ್ಕ್ರೂ ಆ ಗುಬ್ಬಿಯನ್ನು ಕವಚದೊಳಗೆ ಎಳೆದುಕೊಳ್ಳುತ್ತದೆ, ಕವಚ ಅರಳುತ್ತದೆ, ಕೊಳವೆಯ ಒಳಗೋಡೆಗೆ ಒತ್ತಿ ನಿಲ್ಲುತ್ತದೆ. ಅಂದರೆ ನಿಮ್ಮ ಮೈಭಾರ ಪೂರ್ತಿ ನಿಂತಿರುವುದು ಪ್ಲಾಸ್ಟಿಕ್ಕಿಗೂ ಲೋಹಕ್ಕೂ ನಡುವಿನ ಉಜ್ಜಾಟದ ಮೇಲೆ. ಮಳೆಗಾಲದ ಘಟ್ಟದಲ್ಲಿ ಅದರೊಳಗೆ ನೀರು ಇಳಿಯುತ್ತದೆ, ನೀರಿನ ಜೊತೆ ನಯವಾದ ಕೆಂಪು ಮಣ್ಣು. ಎರಡು ದಿನದಲ್ಲಿ ಒಳಗೋಡೆಗೆ ತೆಳು ಕೆಸರಿನ ಪದರ ಬಳಿದ ಹಾಗಾಗುತ್ತದೆ. ಆಮೇಲೆ ಎಷ್ಟು ತಿರುಚಿದರೂ ಕವಚ ಅರಳುವ ಬದಲು ಇಡೀ ಸ್ಕ್ರೂ ಕೊಳವೆಯೊಳಗೆ ಗಿರಗಿರ ತಿರುಗುತ್ತದೆ. ಸಿಟ್ಟಿನಿಂದ ಇನ್ನಷ್ಟು ಬಿಗಿದರೆ ಕವಚ ಸೀಳಿಬಿಡುತ್ತದೆ. ಅಲ್ಲಿಗೆ ಕೋಲಿನ ಕತೆ ಮುಗಿಯಿತು.

ಇದಕ್ಕೆ ಮದ್ದಿಲ್ಲ ಎಂದಲ್ಲ. ತುಂಡುಗಳನ್ನು ಬೇರ್ಪಡಿಸಿ ಒಳಗೂ ಹೊರಗೂ ಒಣಬಟ್ಟೆಯಿಂದ ಒರೆಸಿ, ಕವಚ ನುಣುಪಾಗಿದ್ದರೆ 220 ನಂಬರಿನ ಉಜ್ಜುಕಾಗದದಿಂದ ಹಗುರವಾಗಿ ನಾಲ್ಕು ಸಲ ಉಜ್ಜಿ, ಗುಬ್ಬಿಯನ್ನು ಕೈಯಿಂದ ಒಂದೆರಡು ಸುತ್ತು ತಿರುಗಿಸಿ ಕವಚ ಸ್ವಲ್ಪ ಅರಳುವಂತೆ ಮಾಡಿ ಮತ್ತೆ ತೂರಿಸಿದರೆ ಬಹಳ ಸಲ ಹಿಡಿಯುತ್ತದೆ. ಆದರೆ ಜಾರುತ್ತಿದೆ ಎಂದು ಎಣ್ಣೆ ಬಿಡುವವರೂ ಇದ್ದಾರೆ! ಬಾಗಿಲ ಕೀಲಿಗೆ ಎಣ್ಣೆ ಬೇಕು, ಇಲ್ಲಿ ಬೇಕಾದದ್ದು ಉಜ್ಜಾಟ. ಎಣ್ಣೆ ಬಿದ್ದ ತಿರುಚು ಲಾಕ್ ಮತ್ತೆ ಹಿಡಿಯಬೇಕಾದರೆ ಸ್ಪಿರಿಟ್ ಹಾಕಿ ಪೂರ್ತಿ ತೊಳೆಯಬೇಕು.

ಲಿವರ್ ಲಾಕ್‌ನಲ್ಲಿ ಇಂಥ ಗುಟ್ಟೇನೂ ಇಲ್ಲ. ಮೇಲಿನ ಕೊಳವೆಯ ಬಾಯಿಗೆ ಒಂದು ಪಟ್ಟಿ, ಪಟ್ಟಿಗೆ ಲಿವರ್, ಲಿವರ್ ಎದುರು ಒಂದು ಬಿಗಿತದ ಸ್ಕ್ರೂ. ಸೈಕಲ್ ಸೀಟಿನ ಕ್ಲಾಂಪ್ ಇದ್ದ ಹಾಗೆ. ಜಾರಿದರೆ ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡಿದರೆ ಆಯಿತು, ದಾರಿಯಲ್ಲೇ ಅರ್ಧ ನಿಮಿಷದ ಕೆಲಸ. ಮಣ್ಣಾದರೆ ಕಣ್ಣಿಗೆ ಕಾಣುತ್ತದೆ, ಬಟ್ಟೆಯಲ್ಲಿ ಒರೆಸಬಹುದು. ಕೈಗವಸು ಹಾಕಿದ್ದರೂ ತೆಗೆದು ಹಾಕಬಹುದು. ಹಿಮದಲ್ಲಿ ಬೆರಳು ಮರಗಟ್ಟಿದಾಗ ಈ ಒಂದು ಗುಣಕ್ಕೇ ದುಡ್ಡು ಕೊಡಬೇಕು. ಕೆಡುವ ರೀತಿಗಳು ಮೂರು: ಅತಿ ಬಿಗಿದು ಪ್ಲಾಸ್ಟಿಕ್ ಪಟ್ಟಿ ಬಿರಿಯುವುದು, ಅಲುಗಾಟಕ್ಕೆ ಸ್ಕ್ರೂ ಸಡಿಲವಾಗಿ ಕಳಚಿ ಬೀಳುವುದು, ಲಂಟಾನದ ಪೊದೆಯಲ್ಲಿ ಲಿವರ್ ಸಿಕ್ಕಿ ತೆರೆದುಕೊಳ್ಳುವುದು. ಮೊದಲನೆಯದಕ್ಕೆ ಲೋಹದ ಪಟ್ಟಿ ಇರುವುದನ್ನು ಆರಿಸಿ. ಎರಡನೆಯದಕ್ಕೆ ಹೊರಡುವ ಹಿಂದಿನ ರಾತ್ರಿ ಒಮ್ಮೆ ಬಿಗಿತ ನೋಡಿ. ಮೂರನೆಯದಕ್ಕೆ ಲಿವರ್‌ಗಳ ಮುಖ ಹಿಂದಕ್ಕೆ ಬರುವಂತೆ ಕೋಲು ಹೊಂದಿಸಿಕೊಂಡರೆ ಸಾಕು.

ನಮ್ಮ ತೀರ್ಪು ಇಷ್ಟೇ. ತಿರುಚು ಲಾಕ್‌ನ ಕಾರ್ಬನ್ ಪೋಲ್ ಮತ್ತು ಲಿವರ್ ಲಾಕ್‌ನ ಅಲ್ಯೂಮಿನಿಯಂ ಪೋಲ್ ಒಂದೇ ಬೆಲೆಗೆ ಎದುರಿಗಿದ್ದರೆ ಕಣ್ಣು ಮುಚ್ಚಿ ಎರಡನೆಯದನ್ನು ತೆಗೆದುಕೊಳ್ಳಿ.

ಮಡಚುವ ಪೋಲ್ ಚೆಂದ, ಪುಟ್ಟದಾಗುತ್ತದೆ. ಮೂರು ತುಂಡಿನ ಲಿವರ್ ಪೋಲ್ ಮುಚ್ಚಿದಾಗ ಸಾಮಾನ್ಯವಾಗಿ 60 ಸೆಂ.ಮೀ. ಮೇಲೇ ಉಳಿದರೆ ಇದು 35-40 ಸೆಂ.ಮೀ.ಗೆ ಇಳಿಯುತ್ತದೆ, ಬಸ್ಸಿನ ಸೀಟಿನ ಕೆಳಗಿನ ಬ್ಯಾಗಿನಲ್ಲೂ ಕೂರುತ್ತದೆ. ಆದರೆ ತುಂಡು ತುಂಡು ಸೇರುವ ಕೀಲಿಗೆ ಮರಳು ಹೊಕ್ಕರೆ ಕಚ್ಚಿಕೊಳ್ಳುತ್ತದೆ. ಒಳಗಿನ ಹುರಿ ಸವೆದು ಕಡಿದರೆ ಕಾಡಿನಲ್ಲಿ ಸರಿಪಡಿಸುವುದು ಹೆಚ್ಚುಕಡಿಮೆ ಆಗದ ಕೆಲಸ. ಜೊತೆಗೆ ಇವುಗಳಲ್ಲಿ ಬಹಳಷ್ಟಕ್ಕೆ ಉದ್ದ ಒಂದೇ, ಇಳಿಯುವಾಗ ಹಿಗ್ಗಿಸಲು ಬರುವುದಿಲ್ಲ. ಹಗುರ ಬ್ಯಾಗು ಹಾಕಿಕೊಂಡು ದಾರಿ ಸ್ಪಷ್ಟವಿರುವ ಕಡೆ ಓಡುನಡಿಗೆ ಮಾಡುವವರಿಗೆ ಒಪ್ಪುತ್ತದೆ. ಹೊರೆ ಹೊರುವವರಿಗಲ್ಲ.

ಅಲ್ಯೂಮಿನಿಯಂ ಬಾಗುತ್ತದೆ, ಕಾರ್ಬನ್ ಮುರಿಯುತ್ತದೆ

ನೇರಕ್ಕೆ ಬೀಳುವ ಭಾರ ತಡೆಯುವುದರಲ್ಲಿ ಎರಡೂ ಗಟ್ಟಿಯೇ. ವ್ಯತ್ಯಾಸ ಕಾಣುವುದು ಅಡ್ಡ ಪೆಟ್ಟಿಗೆ. ಶೋಲಾ ಕಾಡಿನ ದಾರಿ ನೆನಪಿಸಿಕೊಳ್ಳಿ: ಎಲೆಗೊಬ್ಬರದ ಕೆಳಗೆ ಬೇರುಗಳ ಬಲೆ. ಕೋಲಿನ ಮೊನೆ ಎರಡು ಬೇರಿನ ನಡುವೆ ಹೊಕ್ಕು ಸಿಕ್ಕಿಕೊಳ್ಳುತ್ತದೆ, ಮೈ ಮುಂದಕ್ಕೆ ಹೋಗಿರುತ್ತದೆ, ಕೋಲು ಸನ್ನೆಗೋಲಾಗುತ್ತದೆ. ಅಲ್ಯೂಮಿನಿಯಂ ಆದರೆ ಕೆಳತುಂಡು ಬಿಲ್ಲಿನ ಹಾಗೆ ಬಾಗುತ್ತದೆ. ಮಂಡಿಗೆ ಒತ್ತಿ ನಿಧಾನವಾಗಿ ನೇರ ಮಾಡಿಕೊಂಡು ಊರು ಸೇರಬಹುದು. ಪೂರ್ತಿ ನೇರ ಮಾಡುವ ಹಠ ಬೇಡ, ಅದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ಮುರಿಯುತ್ತದೆ. ಕಾರ್ಬನ್ ಆದರೆ 'ಟಕ್' ಎಂಬ ಒಂದೇ ಸದ್ದು. ಮುರಿದ ತುದಿ ಸಿಬಿರು ಸಿಬಿರಾಗಿ ಈಟಿಯಂತೆ ನಿಂತಿರುತ್ತದೆ.

ಕಾರ್ಬನ್ನಿನ ಇನ್ನೊಂದು ತೊಂದರೆ ಎಂದರೆ ಗಾಯ ಹೊರಗೆ ಕಾಣುವುದಿಲ್ಲ. ಬಂಡೆಗೆ ತಾಗಿ ಆದ ಗೀರಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿ ನಿಂತರೆ ಆ ತುಂಡು ಬದಲಿಸುವುದು ಒಳ್ಳೆಯದು. ಬಣ್ಣ ಮಾತ್ರ ಹೋಗಿದ್ದರೆ ಚಿಂತೆಯಿಲ್ಲ. ಬದಲಿಗೆ ಕಾರ್ಬನ್‌ಗೆ ಸಲ್ಲುವ ಹೊಗಳಿಕೆಯೂ ಇದೆ. ಬಂಡೆ ಮೇಲೆ ಊರಿದಾಗ ಅಂಗೈಗೆ ಬರುವ ಝುಮ್ಮೆಂಬ ಕಂಪನವನ್ನು ಅದು ನುಂಗಿಕೊಳ್ಳುತ್ತದೆ. ದಿನಕ್ಕೆ ಎಂಟು ಗಂಟೆ ನಡೆಯುವ ಹಿಮಾಲಯದ ಚಾರಣದಲ್ಲಿ ಮೊಣಕೈಗೆ ಅದು ಗೊತ್ತಾಗುತ್ತದೆ.

ಹೊರೆ ಹೊರುವವರಿಗೆ 7075 ದರ್ಜೆಯ ಅಲ್ಯೂಮಿನಿಯಂ ಮೊದಲ ಆಯ್ಕೆ. 6061 ಅದಕ್ಕಿಂತ ಮೆದು, ಅದೇ ದಪ್ಪದಲ್ಲಿ ಬೇಗ ಬಾಗುತ್ತದೆ. ಮೇಲಿನ ಎರಡು ತುಂಡು ಕಾರ್ಬನ್, ಕೆಳಗಿನದು ಅಲ್ಯೂಮಿನಿಯಂ ಇರುವ ಬೆರಕೆ ಪೋಲ್‌ಗಳೂ ಇವೆ. ಪೆಟ್ಟು ತಿನ್ನುವುದು ಕೆಳತುಂಡೇ ಆದ್ದರಿಂದ ಇದು ಜಾಣ ಹಂಚಿಕೆ. ಕೊಳವೆಯ ದಪ್ಪವನ್ನೂ ನೋಡಿ. ಮೇಲಿಂದ ಕೆಳಗೆ 18, 16, 14 ಮಿ.ಮೀ. ಇರುವ ಪೋಲ್ 16, 14, 12 ಮಿ.ಮೀ. ಇರುವುದಕ್ಕಿಂತ ಇಳಿಜಾರಿನಲ್ಲಿ ಕಡಿಮೆ ತೊನೆದಾಡುತ್ತದೆ. ಮೈತೂಕ, ಬ್ಯಾಗು ಸೇರಿ 90 ಕೆ.ಜಿ. ದಾಟುವವರು ದಪ್ಪದ್ದನ್ನೇ ತೆಗೆದುಕೊಳ್ಳಬೇಕು.

'ಆ್ಯಂಟಿ ಶಾಕ್' ಎಂದು ಸ್ಪ್ರಿಂಗ್ ಹಾಕಿ ಮಾರುವುದುಂಟು. ಬೇಡ. ಊರಿದ ಕೂಡಲೇ ಕೋಲು ಒಂದು ಬೆರಳು ಕುಸಿಯುತ್ತದೆ, ನೆಲ ಸಿಕ್ಕಿತೋ ಇಲ್ಲವೋ ಎಂದು ಕೈಗೆ ತಿಳಿಯುವುದು ತಡವಾಗುತ್ತದೆ. ಹಳೆಯದಾದಂತೆ ಗಿಲಕಿಯ ಹಾಗೆ ಸದ್ದು ಬೇರೆ.

ಹಿಡಿ, ಪಟ್ಟಿ, ಮೊನೆ

ಹಿಡಿ ರಬ್ಬರಿನದಾದರೆ ನಮ್ಮ ಸೆಕೆಗೆ ಆಗಿಬರುವುದಿಲ್ಲ. ಬೆವರಿಗೆ ಜಾರುತ್ತದೆ, ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಏಳುತ್ತದೆ. ಹಿಮದಲ್ಲಿ ದಪ್ಪ ಕೈಗವಸಿನ ಜೊತೆಗೆ ಅಡ್ಡಿಯಿಲ್ಲ. ಫೋಮ್ ಮೆತ್ತಗಿರುತ್ತದೆ, ಬೆವರು ಹೀರುತ್ತದೆ, ಆದರೆ ಎರಡು ವರ್ಷದಲ್ಲಿ ನುರಿಯುತ್ತದೆ. ಕಾರ್ಕ್ ದುಬಾರಿ, ಬಳಸಿದಂತೆ ಕೈಯ ಆಕಾರಕ್ಕೆ ಬರುತ್ತದೆ, ಒದ್ದೆಯಲ್ಲೂ ಹಿಡಿತ ಬಿಡುವುದಿಲ್ಲ. ಬ್ಯಾಗಿನ ಹೊರಗೆ ಕಟ್ಟಿ ಬಸ್ಸಿನ ಡಿಕ್ಕಿಗೆ ಎಸೆದರೆ ಮಾತ್ರ ಚಕ್ಕೆ ಏಳುತ್ತದೆ. ಹಿಡಿಯ ನೆತ್ತಿ ದುಂಡಗೆ, ಅಗಲವಾಗಿರಲಿ. ಕಡಿದಾದ ಮೆಟ್ಟಿಲಿನಂಥ ಇಳಿತದಲ್ಲಿ ಅಂಗೈಯನ್ನು ಅದರ ಮೇಲೇ ಊರುತ್ತೇವೆ. ಅಲ್ಲಿ ದಿಕ್ಸೂಚಿ ಕೂರಿಸಿದ ಪೋಲ್‌ಗಳು ಆನ್‌ಲೈನ್‌ನಲ್ಲಿ ಧಾರಾಳ ಸಿಗುತ್ತವೆ, ಉತ್ತರ ತೋರಿಸುವುದಕ್ಕಿಂತ ಅಂಗೈಗೆ ಚುಚ್ಚುವುದೇ ಜಾಸ್ತಿ. ಹಿಡಿಯ ಕೆಳಗೆ ಇನ್ನೂ ಒಂದು ಗೇಣು ಫೋಮ್ ಸುತ್ತಿದ್ದರೆ ಒಳ್ಳೆಯದು. ಚಿಕ್ಕ ಏರು ಬಂದಾಗ ಲಾಕ್ ಬಿಚ್ಚುವ ಗೋಜಿಲ್ಲದೆ ಕೈಯನ್ನು ಕೆಳಗಿಳಿಸಿ ಹಿಡಿದರೆ ಆಯಿತು.

ಹಿಡಿಗೆ ಕಟ್ಟಿರುವ, ಮಣಿಕಟ್ಟಿಗೆ ಹಾಕಿಕೊಳ್ಳುವ ಪಟ್ಟಿಯೊಳಗೆ ಕೈ ಹಾಕುವುದನ್ನು ಬಹಳ ಮಂದಿ ತಪ್ಪು ಮಾಡುತ್ತಾರೆ. ಮೇಲಿನಿಂದ ತೂರಿಸಬಾರದು. ಕೆಳಗಿನಿಂದ ಮೇಲಕ್ಕೆ ಕೈ ತಂದು, ಪಟ್ಟಿಯನ್ನೂ ಹಿಡಿಯನ್ನೂ ಸೇರಿಸಿ ಹಿಡಿಯಬೇಕು. ಆಗ ಭಾರ ಮಣಿಕಟ್ಟಿನ ಮೂಲಕ ಪಟ್ಟಿಗೆ ಹೋಗುತ್ತದೆ, ಬೆರಳು ಸಡಿಲವಾಗಿದ್ದರೂ ನಡೆಯುತ್ತದೆ. ಆದರೆ ಹೊಳೆ ದಾಟುವಾಗ, ಬಂಡೆಗಳ ರಾಶಿಯಲ್ಲಿ, ಬೇರಿನ ದಾರಿಯಲ್ಲಿ ಕೈಯನ್ನು ಪಟ್ಟಿಯಿಂದ ಹೊರಗೆ ತೆಗೆದಿರಿ. ಸಿಕ್ಕಿಕೊಂಡ ಕೋಲನ್ನು ಬಿಟ್ಟುಬಿಡಲು ಬರಬೇಕು. ಪಟ್ಟಿಯಲ್ಲಿ ಕೈ ಇಟ್ಟೇ ಬಿದ್ದರೆ ಹೆಬ್ಬೆರಳ ಬುಡದ ಅಸ್ಥಿರಜ್ಜು (ಲಿಗಮೆಂಟ್) ಹರಿಯುವುದುಂಟು. ಸ್ಕೀ ಆಡುವವರಿಗೆ ಇದು ಹಳೆಯ ಪರಿಚಯ.

ಮೊನೆ ಟಂಗ್‌ಸ್ಟನ್ ಕಾರ್ಬೈಡ್‌ನದೇ ಇರಬೇಕು. ಸಾದಾ ಉಕ್ಕಿನ ಮೊನೆ ಒಂದೆರಡು ಚಾರಣದಲ್ಲಿ ಮೊಂಡಾಗುತ್ತದೆ. ರಬ್ಬರ್ ಟೋಪಿ ಯಾವಾಗ ಹಾಕಬೇಕು ಎಂಬುದರಲ್ಲಿ ಗೊಂದಲವಿದೆ. ಸಾವನದುರ್ಗದಂಥ ಒಣ ಬೋಳುಬಂಡೆಯ ಮೇಲೆ, ಡಾಂಬರಿನ ಮೇಲೆ ಹಾಕಿ. ಅಲ್ಲಿ ಕಾರ್ಬೈಡ್ ಕಿರ್ರೆಂದು ಜಾರುತ್ತದೆ, ಬಂಡೆಗೂ ಗೀರು ಬೀಳುತ್ತದೆ. ಪಾಚಿ ಹಿಡಿದ ಒದ್ದೆ ಕಲ್ಲಿನ ಮೇಲೆ, ಹುಲ್ಲಿನ ಇಳಿಜಾರಿನಲ್ಲಿ, ಕೆಸರಿನಲ್ಲಿ ತೆಗೆಯಿರಿ. ಪಾಚಿಯ ಮೇಲೆ ರಬ್ಬರ್ ಸಾಬೂನಿನ ಹಾಗೆ ಜಾರಿದರೆ, ಕೆಸರು ಟೋಪಿಯನ್ನೇ ಕಿತ್ತು ನುಂಗುತ್ತದೆ. ಕೊಳ್ಳುವಾಗ ಟೋಪಿಯೊಳಗೆ ಬೆರಳು ಹಾಕಿ ನೋಡಿ. ತಳದಲ್ಲಿ ಲೋಹದ ಬಿಲ್ಲೆ ಇರಬೇಕು. ಇಲ್ಲದಿದ್ದರೆ ಮೊನೆ ರಬ್ಬರನ್ನು ಕೊರೆದು ಹೊರಗೆ ಬರುತ್ತದೆ.

ಮೊನೆಯ ಮೇಲಿನ ಬುಟ್ಟಿಯನ್ನು ಅಲಂಕಾರ ಎಂದುಕೊಂಡು ಬಿಚ್ಚಿಡುವವರಿದ್ದಾರೆ. ಐದು ಸೆಂ.ಮೀ. ಅಗಲದ ಆ ಬಿಲ್ಲೆ ಇಲ್ಲದಿದ್ದರೆ ಮಳೆಗಾಲದ ಹುಲ್ಲುಗಾವಲಿನಲ್ಲಿ ಕೋಲು ಒಂದು ಗೇಣು ಹೂತುಹೋಗುತ್ತದೆ, ಕಲ್ಲಿನ ಸಂದಿಯಲ್ಲಿ ಆಳಕ್ಕೆ ಇಳಿದು ಮುರಿಯುತ್ತದೆ. ಚಳಿಗಾಲದಲ್ಲಿ ಕೇದಾರಕಂಠದಂಥ ಹಿಮದ ಚಾರಣಕ್ಕೆ ಒಂಬತ್ತು ಹತ್ತು ಸೆಂ.ಮೀ. ಅಗಲದ ಬುಟ್ಟಿ ಬೇಕು. ಒಂದು ಕಂಪನಿಯ ಬುಟ್ಟಿ ಇನ್ನೊಂದರ ಸ್ಕ್ರೂ ಸುತ್ತಿಗೆ ಹೊಂದುತ್ತದೆ ಎಂದು ನಂಬಬೇಡಿ, ಪೋಲ್ ಜೊತೆಗೇ ಕೊಂಡುಬಿಡಿ.

ಉದ್ದದ ಲೆಕ್ಕ ಸುಲಭ: ನಿಮ್ಮ ಎತ್ತರದ ಸೆಂ.ಮೀ.ಯನ್ನು 0.68ರಿಂದ ಗುಣಿಸಿ. 160 ಸೆಂ.ಮೀ. ಇರುವವರಿಗೆ ಸುಮಾರು 109, 170ಕ್ಕೆ 116, 180ಕ್ಕೆ 122. ಶೂ ಹಾಕಿ ನಿಂತು ಕೋಲನ್ನು ಪಾದದ ಪಕ್ಕ ಊರಿದಾಗ ಮೊಣಕೈ ಲಂಬಕೋನದಲ್ಲಿರಬೇಕು. ದೀರ್ಘ ಏರಿಗೆ ಐದರಿಂದ ಹತ್ತು ಸೆಂ.ಮೀ. ಕುಗ್ಗಿಸಿ, ದೀರ್ಘ ಇಳಿತಕ್ಕೆ ಅಷ್ಟೇ ಹಿಗ್ಗಿಸಿ. ಗುಡ್ಡದ ಮಗ್ಗುಲಿನ ಓರೆ ದಾರಿಯಲ್ಲಿ ಮೇಲ್ಮಗ್ಗುಲಿನ ಕೋಲು ಗಿಡ್ಡ, ಕೆಳಮಗ್ಗುಲಿನದು ಉದ್ದ. ಅಂದರೆ 170 ಸೆಂ.ಮೀ. ಇರುವವರಿಗೆ 106ರಿಂದ 126ರವರೆಗೆ ಓಡುವ ಪೋಲ್ ಬೇಕು. ಗರಿಷ್ಠ 120 ಎಂದು ಬರೆದಿದ್ದರೆ ಸಾಲದು. ತುಂಡಿನ ಮೇಲಿರುವ 'ಸ್ಟಾಪ್' ಗೆರೆ ದಾಟಿ ಎಳೆದರೆ ಒಳಗೆ ಉಳಿಯುವ ಕೊಳವೆ ಕಡಿಮೆಯಾಗಿ, ಲಾಕ್ ಇರುವ ಜಾಗದಲ್ಲೇ ಮುರಿಯುತ್ತದೆ. ಎರಡು ಲಾಕ್ ಇರುವ ಪೋಲ್‌ನಲ್ಲಿ ಎರಡೂ ತುಂಡನ್ನು ಸಮವಾಗಿ ಎಳೆಯಿರಿ. ಕೆಳಗಿನದನ್ನು ಮಾತ್ರ ಪೂರ್ತಿ ಎಳೆದರೆ ಸಣಕಲು ತುಂಡಿನ ಮೇಲೇ ಭಾರ ಬೀಳುತ್ತದೆ.

ಬೇಟೆಗಾರರಿಂದ ಕಲಿಯಬೇಕಾದದ್ದು

ಪೋಲ್‌ಗಳ ನಿಜವಾದ ಅಗ್ನಿಪರೀಕ್ಷೆ ನಡೆಯುವುದು ನಮ್ಮಲ್ಲಲ್ಲ, ಅಮೆರಿಕದ ಕೊಲರಾಡೊ, ಮೊಂಟಾನಾ, ಐಡಾಹೊ ಕಡೆಯ ಬೆಟ್ಟಗಳಲ್ಲಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹವ್ಯಾಸದ ಬೇಟೆ ಮುಗಿದ ಅಧ್ಯಾಯ. ಅಲ್ಲಿ ಪರವಾನಗಿ ಪಡೆದು ಶರತ್ಕಾಲದಲ್ಲಿ ಎಲ್ಕ್ ಬೇಟೆಗೆ ಹೋಗುವವರು ದಾರಿಯೇ ಇಲ್ಲದ ಕಾಡಿನಲ್ಲಿ ದಿನಗಟ್ಟಲೆ ಅಲೆಯುತ್ತಾರೆ. ಎಲ್ಕ್ ಎಂದರೆ ನಮ್ಮ ಕಡವೆಗಿಂತ ದೊಡ್ಡ ಜಿಂಕೆ. ಬಲಿತ ಗಂಡಿನ ಮೂಳೆ ಬಿಡಿಸಿದ ಮಾಂಸವೇ 80-100 ಕೆ.ಜಿ. ಆಗುತ್ತದೆ. ಅದನ್ನು ಮೂರು ನಾಲ್ಕು ಹೊರೆ ಮಾಡಿ, ಒಂದೊಂದು ಸಲಕ್ಕೆ 25-35 ಕೆ.ಜಿ. ಬೆನ್ನಿಗೇರಿಸಿ ಬಿದ್ದ ಮರ, ಸಡಿಲ ಕಲ್ಲು ದಾಟಿ ಇಳಿಸಬೇಕು. ಈ ಕೆಲಸಕ್ಕೆ ಎಂಥ ಪೋಲ್ ತಡೆಯುತ್ತದೋ ಅದು ನಮ್ಮ ಹನ್ನೆರಡು ಕೆ.ಜಿ.ಗೆ ತಡೆಯುವುದರಲ್ಲಿ ಸಂಶಯವಿಲ್ಲ.

ಅವರ ಬೇಡಿಕೆಗಳಲ್ಲಿ ಕೆಲವು ನಮಗೂ ಸಲ್ಲುತ್ತವೆ. ಮೊದಲನೆಯದು ಸದ್ದು. ಲೋಹದ ಮೊನೆ ಕಲ್ಲಿಗೆ ತಾಗುವ 'ಟಿಣ್' ಶಬ್ದಕ್ಕೆ ಪ್ರಾಣಿ ಕಿವಿ ನಿಮಿರಿಸುತ್ತದೆ. ಆದ್ದರಿಂದ ಹತ್ತಿರ ಸರಿಯುವಾಗ ರಬ್ಬರ್ ಟೋಪಿ, ಸ್ಪ್ರಿಂಗ್ ಇಲ್ಲದ ಕೋಲು, ಹೊಳಪಿಲ್ಲದ ಬಣ್ಣ. ಹಕ್ಕಿ ನೋಡುವವರಿಗೂ ಕ್ಯಾಮೆರಾ ಹೊತ್ತವರಿಗೂ ಇದೇ ನಿಯಮ. ಎರಡನೆಯದು ಆನಿಕೆ. ಎರಡು ಪೋಲ್‌ಗಳನ್ನು ಕತ್ತರಿಯಂತೆ ಇಟ್ಟು, ಸೇರುವ ಜಾಗವನ್ನು ಪಟ್ಟಿಯಿಂದ ಸುತ್ತಿದರೆ ಬೈನಾಕ್ಯುಲರ್ ಅಲುಗದೆ ಕೂರುತ್ತದೆ. ಕೆಲವು ಪೋಲ್‌ಗಳಲ್ಲಿ ಹಿಡಿಯ ನೆತ್ತಿಯ ಗುಬ್ಬಿ ಬಿಚ್ಚಿದರೆ ಕ್ಯಾಮೆರಾ ಕೂರಿಸುವ ಕಾಲಿಂಚಿನ ಸ್ಕ್ರೂ ಇರುತ್ತದೆ, ಒಂಟಿಕಾಲಿನ ಸ್ಟ್ಯಾಂಡ್ ಆದ ಹಾಗಾಯಿತು. ಮೂರನೆಯದು ಗುಡಾರ. ತಳವಿಲ್ಲದ ಹಗುರ ಗುಡಾರಗಳಿಗೆ ಪೋಲ್ ನಡುಗಂಬ. ಕೆಲವಕ್ಕೆ 140 ಸೆಂ.ಮೀ.ಗೂ ಹೆಚ್ಚು ಎತ್ತರ ಬೇಕು, ಆಗ ಎರಡು ಪೋಲ್ ಜೋಡಿಸಬೇಕಾಗುತ್ತದೆ. ಗಾಳಿ ರಾತ್ರಿಯಿಡೀ ಎಳೆದಾಡಿದರೂ ಲಾಕ್ ಕುಸಿಯಬಾರದು. ತಿರುಚು ಲಾಕ್ ಇಲ್ಲೂ ಕೈಕೊಡುತ್ತದೆ. ಮೊಂಟಾನಾ, ಐಡಾಹೊ ಕಡೆ ನೆಲೆಸಿರುವ ಕನ್ನಡಿಗರು ಬರೀ ನಡಿಗೆಗೆ ಹೋದರೂ ಒಂದು ಮಾತು: ಗ್ರಿಜ್ಲಿ ಕರಡಿ ಇರುವ ಕಾಡಿನಲ್ಲಿ ಕೈಯನ್ನು ಪಟ್ಟಿಯಿಂದ ಹೊರಗಿಡಿ. ಕರಡಿ ಓಡಿಸುವ ಸ್ಪ್ರೇ ಡಬ್ಬಿಗೆ ಕೈ ಹಾಕಬೇಕಾದ ಕ್ಷಣದಲ್ಲಿ ಮಣಿಕಟ್ಟಿಗೆ ಕೋಲು ನೇತಾಡುತ್ತಿರಬಾರದು.

ಯಾವುದು ಕೊಳ್ಳಬೇಕು

ಸಾವಿರ ರೂಪಾಯಿಯೊಳಗೆ ಆನ್‌ಲೈನ್‌ನಲ್ಲಿ ಸಿಗುವ ಹೆಸರಿಲ್ಲದ ಪೋಲ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚು: ತಿರುಚು ಲಾಕ್, ಸ್ಪ್ರಿಂಗ್, ನೆತ್ತಿಯ ಮೇಲೆ ದಿಕ್ಸೂಚಿ. ನಂದಿಬೆಟ್ಟದ ಮೆಟ್ಟಿಲಿಗೆ, ಅಜ್ಜಿಯ ವಾಕಿಂಗಿಗೆ ಸಾಕು. ಹೊರೆ ಹೊತ್ತು ಇಳಿಯಲು ಬೇಡ.

ಡೆಕಾಥ್ಲಾನ್ ನಮ್ಮ ಊರುಗಳಲ್ಲಿ ಕೈಗೆಟಕುವ ಅಂಗಡಿ. ಕೈಯಲ್ಲಿ ಹಿಡಿದು, ಭಾರ ಹಾಕಿ ನೋಡಿಯೇ ಕೊಳ್ಳಬಹುದು ಎಂಬುದೇ ದೊಡ್ಡ ಲಾಭ. ಬುಟ್ಟಿ, ರಬ್ಬರ್ ಟೋಪಿ ಬಿಡಿಯಾಗಿ ಸಿಗುತ್ತವೆ. ಎರಡು ಎಚ್ಚರ ಬೇಕು: ಕೆಳದರ್ಜೆಯವು ಒಂಟಿಯಾಗಿ ಮಾರಾಟವಾಗುತ್ತವೆ, ಚೀಟಿಯ ಬೆಲೆ ಒಂದು ಕೋಲಿನದೋ ಜೋಡಿಯದೋ ನೋಡಿ. ಲಾಕ್ ಬಗೆ ಮಾದರಿಯಿಂದ ಮಾದರಿಗೆ ಬೇರೆ, ಹೆಸರು ನೋಡಿ ಎತ್ತಿಕೊಳ್ಳಬೇಡಿ. ಅಲ್ಲಿನ ಲಿವರ್ ಲಾಕ್‌ನ ಅಲ್ಯೂಮಿನಿಯಂ ಜೋಡಿಯೇ ಪಶ್ಚಿಮ ಘಟ್ಟದ ಚಾರಣಕ್ಕೆ ನಾವು ಮೊದಲು ಹೇಳುವ ಉತ್ತರ.

ಬ್ಲ್ಯಾಕ್ ಡೈಮಂಡ್‌ನ ಆಲ್ಪೈನ್ ಕಾರ್ಬನ್ ಕಾರ್ಕ್, ಜೋಡಿಗೆ ಸುಮಾರು 480 ಗ್ರಾಂ. ಕಾರ್ಬನ್ ಎಂದರೂ ಗರಿಯಷ್ಟು ಹಗುರವಲ್ಲ, ಕೊಳವೆ ದಪ್ಪ, ಫ್ಲಿಕ್‌ಲಾಕ್ ಎಂಬ ಅದರ ಲಿವರ್ ಲಾಕ್ ಗಟ್ಟಿ. ತೂಕ ಉಳಿಸದೆ ಬಾಳಿಕೆಗೆ ಕಾರ್ಬನ್ ಬಳಸಿದ್ದಾರೆ ಎಂದೇ ನಮಗೆ ಮೆಚ್ಚಿಗೆ. ವರ್ಷಕ್ಕೆರಡು ಸಲ ಹಿಮಾಲಯಕ್ಕೆ ಹೋಗುವವರು ಇದಕ್ಕೆ ದುಡ್ಡು ಹಾಕಬಹುದು. ಅದೇ ಕಂಪನಿಯ ಡಿಸ್ಟೆನ್ಸ್ ಕಾರ್ಬನ್ ಝಡ್ ಜೋಡಿ 300 ಗ್ರಾಂ ಆಸುಪಾಸು. ಅಂಗಡಿಯಲ್ಲಿ ಕೈಗೆತ್ತಿಕೊಂಡರೆ ಕೆಳಗಿಡಲು ಮನಸ್ಸಾಗುವುದಿಲ್ಲ. ಆದರೆ ಮಡಚುವುದು, ಒಂದೇ ಉದ್ದ, ಸಣಕಲು ಕೊಳವೆ. ಓಟಗಾರರ ಪೋಲ್ ಅದು, ಹೊರೆಯವರದ್ದಲ್ಲ.

ಜರ್ಮನಿಯ ಲೆಕಿ 1948ರ ಕಂಪನಿ. ಸ್ಥಾಪಕನ ಮನೆತನ ಲೆನ್‌ಹಾರ್ಟ್, ಊರು ಕಿರ್ಖ್‌ಹೈಮ್, ಎರಡರ ಮೊದಲಕ್ಷರ ಸೇರಿ 'ಲೆಕಿ'. ಊರುಗೋಲಿಗೆ ಊರ ಹೆಸರು! ಅದರ ಮಕಾಲು ಸರಣಿಯ ಅಲ್ಯೂಮಿನಿಯಂ ಪೋಲ್‌ಗಳು ಜೋಡಿಗೆ 500 ಗ್ರಾಂ ಆಸುಪಾಸು ತೂಗುತ್ತವೆ. ಸ್ಪೀಡ್‌ಲಾಕ್ ಎಂಬ ಅದರ ಹೊಸ ಲಿವರ್ ಲಾಕ್‌ನ ಬಿಗಿತವನ್ನು ಸ್ಕ್ರೂಡ್ರೈವರ್ ಇಲ್ಲದೆ ಬೆರಳಿನಲ್ಲೇ ಹೊಂದಿಸಬಹುದು. 30 ಕೆ.ಜಿ. ಹೊರುವವರಿಗೆ ಒಂದೇ ಹೆಸರು ಹೇಳಿ ಎಂದರೆ ನಾವು ಹೇಳುವುದು ಇದನ್ನು. ಬೆಲೆ ಮಾತ್ರ ಮೈ ಚಳಿ ಬಿಡಿಸುತ್ತದೆ.

ಅಮೆರಿಕದಲ್ಲಿರುವವರಿಗೆ, ಅಥವಾ ಅಲ್ಲಿಂದ ಬರುವ ನೆಂಟರಿರುವವರಿಗೆ, ಕಾಸ್ಟ್‌ಕೊ ಅಂಗಡಿಯಲ್ಲಿ ಸಿಗುವ ಕ್ಯಾಸ್ಕೇಡ್ ಮೌಂಟನ್ ಟೆಕ್‌ನ ಕಾರ್ಬನ್ ಪೋಲ್ ಕೊಟ್ಟ ಕಾಸಿಗೆ ಮೋಸವಿಲ್ಲದ ಮಾಲು. ಲಿವರ್ ಲಾಕ್ ಇದೆ, ಜೊತೆಗೆ ಬುಟ್ಟಿ, ಟೋಪಿಗಳೂ ಬರುತ್ತವೆ. ಮೊದಲ ದಿನವೇ ಲಾಕ್‌ನ ಸ್ಕ್ರೂ ಬಿಗಿತ ಸರಿಪಡಿಸಿಕೊಳ್ಳಿ. ಬೆನ್ನ ಹೊರೆ 15 ಕೆ.ಜಿ. ದಾಟಿದರೆ ಅಲ್ಯೂಮಿನಿಯಂಗೆ ಹೋಗಿ.

ಅಂಗಡಿಯಲ್ಲಿ ಐದು ನಿಮಿಷ ಕೊಡಿ. ಕೋಲನ್ನು ನಿಮ್ಮ ಉದ್ದಕ್ಕೆ ಎಳೆದು ಲಾಕ್ ಮಾಡಿ. ಲಿವರ್ ಮುಚ್ಚುವಾಗ ಅಂಗೈಗೆ ಅಚ್ಚು ಮೂಡುವಷ್ಟು ಒತ್ತಬೇಕಾಗಬೇಕು, ಬೆರಳ ತುದಿಯಲ್ಲೇ ಮುಚ್ಚಿದರೆ ಸಡಿಲ ಎಂದರ್ಥ. ಲಾಕ್ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆಯಿರಿ. ಮೊನೆಯನ್ನು ರಬ್ಬರ್ ಮ್ಯಾಟಿನ ಮೇಲಿಟ್ಟು ಎರಡೂ ಅಂಗೈ ನೆತ್ತಿಗೆ ಊರಿ, ನಿಧಾನವಾಗಿ ಮೈಭಾರ ಬಿಡಿ, ನೇರಕ್ಕೆ ಮಾತ್ರ, ಓರೆಯಾಗಿ ಬೇಡ. ಗೆರೆ ಒಂದು ಮಿ.ಮೀ. ಸರಿದಿದ್ದರೂ ಸ್ಕ್ರೂ ಬಿಗಿದು ಮತ್ತೆ ನೋಡಿ. ಆಗಲೂ ಸರಿದರೆ ಬೇರೆ ಜೋಡಿ ಕೇಳಿ. ಆಮೇಲೆ ಕಿವಿಯ ಹತ್ತಿರ ಹಿಡಿದು ಕುಲುಕಿ, ಗಲಗಲ ಎಂದರೆ ಒಳಗೇನೋ ಸಡಿಲವಿದೆ. ಕೊನೆಗೆ ಬುಟ್ಟಿ ಬಿಚ್ಚಿ ನೆಲದ ಮೇಲೆ ಉರುಳಿಸಿ, ಕುಣಿದರೆ ಕೊಳವೆ ನೇರವಿಲ್ಲ. ಕೆಲಸಗಾರರು ಒಂದು ಥರ ನೋಡುತ್ತಾರೆ, ನೋಡಲಿ.

ವಿಮಾನದಲ್ಲಿ ಹೋಗುವವರು ಪೋಲ್‌ಗಳನ್ನು ಚೆಕ್-ಇನ್ ಬ್ಯಾಗಿಗೇ ಹಾಕಿ, ಮೊನೆಗೆ ಟೋಪಿ ಹಾಕಿ ಬಟ್ಟೆಯ ನಡುವೆ ಇಡಿ. ಬ್ಯಾಗಿನ ಒಳ ಉದ್ದವನ್ನು ಮೊದಲೇ ಅಳೆದುಕೊಳ್ಳಿ. ಮೂರು ತುಂಡಿನ ಪೋಲ್‌ನ ಕೆಳತುಂಡನ್ನು ಪೂರ್ತಿ ಬಿಚ್ಚಿ ಬೇರೆಯಾಗಿಟ್ಟರೆ ಎಷ್ಟೋ ಬ್ಯಾಗಿಗೆ ಹಿಡಿಯುತ್ತದೆ.

ಮನೆಗೆ ಬಂದ ಮೇಲೆ ಮಾಡದೆ ಬಿಡುವ ಕೆಲಸವೇ ಪೋಲ್‌ನ ಆಯಸ್ಸು ತಿನ್ನುತ್ತದೆ. ಒದ್ದೆ ಕೋಲನ್ನು ಮುಚ್ಚಿ ಮೂಲೆಗೆ ನಿಲ್ಲಿಸಿದರೆ ಮಲೆನಾಡಿನ ಥಂಡಿಗೆ ಅಲ್ಯೂಮಿನಿಯಂ ಒಳಗೆ ಬಿಳಿ ಪುಡಿ ಕಟ್ಟುತ್ತದೆ, ಮುಂದಿನ ಸಲ ತುಂಡುಗಳು ಅಲ್ಲಾಡುವುದಿಲ್ಲ. ಮೂರೂ ತುಂಡು ಬೇರ್ಪಡಿಸಿ, ಸಾದಾ ನೀರಿನಲ್ಲಿ ಮಣ್ಣು ತೊಳೆದು, ಒಂದು ರಾತ್ರಿ ನೆರಳಲ್ಲಿ ಮಲಗಿಸಿ ಒಣಗಿಸಿ. ಲಿವರ್‌ಗಳನ್ನು ತೆರೆದೇ ಇಡಿ. ಮೊನೆ ಕೂತಿರುವ ಕೆಳಗಿನ ಪ್ಲಾಸ್ಟಿಕ್ ತುದಿ ಸವೆದು ಕಾರ್ಬೈಡ್ ಉದುರುವ ಹಂತಕ್ಕೆ ಬಂದಿದ್ದರೆ ಇಡೀ ಕೋಲು ಎಸೆಯಬೇಕಿಲ್ಲ. ಬಹಳಷ್ಟು ಕಂಪನಿಯವು ಬದಲಿಸುವಂಥವೇ. ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ಇಕ್ಕಳದಲ್ಲಿ ಹಿಡಿದು ತಿರುಚುತ್ತ ಎಳೆದರೆ ಬರುತ್ತದೆ. ಹೊಸದನ್ನು ತೂರಿಸಿ, ಮರದ ತುಂಡಿನ ಮೇಲೆ ನಾಲ್ಕು ಸಲ ಕುಟ್ಟಿದರೆ ಕೂರುತ್ತದೆ.

ಹೊರಡುವ ಮುನ್ನ ಹಿಡಿಯ ಕೆಳಗೆ ಒಂದು ಮೀಟರ್ ಡಕ್ಟ್ ಟೇಪ್ ಸುತ್ತಿಡಿ. ಕೋಲು ಬಾಗಿ ಬಿರಿದರೆ ಟೆಂಟ್ ಗೂಟ ಎರಡನ್ನು ಎರಡೂ ಕಡೆ ದಬ್ಬೆಯಂತೆ ಇಟ್ಟು ಬಿಗಿಯಾಗಿ ಸುತ್ತಿದರೆ ಅವತ್ತಿನ ಇಳಿತಕ್ಕೆ ಸಾಕಾಗುತ್ತದೆ, ಪೂರ್ತಿ ಭಾರ ಮಾತ್ರ ಇನ್ನೊಂದು ಕೋಲಿನ ಮೇಲೆ.